ಸೊಂಟದ ಚಾಕುವಿಗೆ ತೊಗಲಿನ ಒರೆ: ನಾವೇ ಹೊಲಿಯಬಹುದು

ತೋಟಕ್ಕೆ ಹೊರಡುವಾಗ ಚಾಕು ಎಲ್ಲಿಟ್ಟುಕೊಳ್ಳುತ್ತೀರಿ? ಲುಂಗಿಯ ಮಡಿಕೆಯಲ್ಲಿ, ಚಡ್ಡಿಯ ಕಿಸೆಯಲ್ಲಿ, ಇಲ್ಲಾಂದ್ರೆ ಹಾಳೆತುಂಡು ಸುತ್ತಿ ಕೈಯಲ್ಲಿ. ನಮ್ಮ ಪಕ್ಕದ ತೋಟಕ್ಕೆ ಕೆಲಸಕ್ಕೆ ಬರುವ ಒಬ್ಬರು ಮಳೆಗಾಲದಲ್ಲಿ ಸಂಕ ದಾಟುವಾಗ ಜಾರಿದರು. ಬಿದ್ದ ಪೆಟ್ಟು ದೊಡ್ಡದಲ್ಲ, ಸೊಂಟದಲ್ಲಿದ್ದ ಚಾಕು ತೊಡೆಗೆ ಇಳಿದಿತ್ತು. ಹೊಲಿಗೆ ಬಿತ್ತು, ಮೂರು ವಾರ ಸಂಬಳವಿಲ್ಲ. ಹಾಗಂತ ಮೊಂಡು ಚಾಕು ಇಟ್ಟುಕೊಳ್ಳಲಾಗುತ್ತದೆಯೇ? ಹರಿತ ಬೇಕು, ಅದಕ್ಕೊಂದು ಒರೆಯೂ ಬೇಕು.

ಬಾಗಿದ ಕತ್ತಿಗೆ ಈ ಕ್ರಮ ಹೊಂದದು, ಅದಕ್ಕೆ ಸೊಂಟದ ಕೊಕ್ಕೆಯೇ ಸರಿ. ಕೊಡಗಿನ ಒಡಿಕತ್ತಿಯನ್ನೂ ಬೆನ್ನ ಹಿಂದೆ ಲೋಹದ ತೊಡಂಗಿಗೆ ಸಿಕ್ಕಿಸುತ್ತಾರೆ. ನಾನು ಹೇಳುತ್ತಿರುವುದು ಬಾಳೆ, ಮೆಣಸಿನ ಬಳ್ಳಿ, ಕಸಿಕಡ್ಡಿ ಕತ್ತರಿಸುವ ನೇರ ಚಾಕುವಿನ ಬಗ್ಗೆ. ಅಲಗು 4ರಿಂದ 6 ಇಂಚು ಇರಲಿ.

ತೊಗಲಿನ ಕೆಲಸ ಅಂದರೆ ಮೂಗು ಮುರಿಯುವವರು ಈಗಲೂ ಇದ್ದಾರೆ. ಮಿಣಿ, ಬಾರುಕೋಲು, ಕಪಿಲೆಯ ತೊಗಲಚೀಲ ಇಲ್ಲದೆ ಅಜ್ಜಂದಿರ ಬೇಸಾಯ ಹೇಗೆ ನಡೆಯುತ್ತಿತ್ತು ಅಂತ ಅವರನ್ನು ಕೇಳಬೇಕು. ನಾನು ಪೇಟೆಯಲ್ಲಿ ಚಪ್ಪಲಿ ಹೊಲಿಯುವವರ ಪಕ್ಕ ಎರಡು ಹೊತ್ತು ಕೂತು ಕೈಕೆಲಸ ನೋಡಿ ಕಲಿತೆ.

ಯಾವ ತೊಗಲು?

ಅಂಗಡಿಯಲ್ಲಿ ಎರಡು ಬಗೆ ಸಿಗುತ್ತದೆ. ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿದ್ದು ಮೆತ್ತಗೆ, ಕತ್ತರಿಸಿದ ಅಂಚು ಹೆಚ್ಚಾಗಿ ನೀಲಿ-ಬೂದು. ಒರೆಗೆ ಅದು ಬೇಡವೇ ಬೇಡ. ಆಕಾರ ನಿಲ್ಲುವುದಿಲ್ಲ, ಉಕ್ಕಿಗೂ ಒಳ್ಳೆಯದಲ್ಲ. ನಮಗೆ ಬೇಕಾದ್ದು ಆವರಿಕೆ ತೊಗಟೆ, ಅಳಲೆಕಾಯಿಯಂಥ ಗಿಡಮೂಲದ ಒಗರಿನಲ್ಲಿ ಹದ ಮಾಡಿದ್ದು. ಇದರ ಅಂಚು ಕಂದು, ಒಂದು ಹನಿ ನೀರು ಬಿಟ್ಟರೆ ಹೀರಿಕೊಂಡು ಕಪ್ಪಾಗುತ್ತದೆ. ಅಥಣಿ, ನಿಪ್ಪಾಣಿ ಕಡೆ ಕೊಲ್ಹಾಪುರಿ ಚಪ್ಪಲಿ ಮಾಡುವುದು ಇಂಥ ತೊಗಲಿನಲ್ಲೇ. ಆ ಚಪ್ಪಲಿಗೆ 2019ರಲ್ಲಿ ಮಹಾರಾಷ್ಟ್ರ, ಕರ್ನಾಟಕ ಎರಡಕ್ಕೂ ಸೇರಿ ಭೌಗೋಳಿಕ ಗುರುತು ಸಿಕ್ಕಿದೆ.

ದಪ್ಪ 3ರಿಂದ 3.5 ಮಿ.ಮೀ. ಬೇಕು. ಒಂದು ಒರೆಗೆ ಒಂದೂವರೆ ಅಡಿ ಉದ್ದ, ಮುಕ್ಕಾಲು ಅಡಿ ಅಗಲದ ತುಂಡು ಧಾರಾಳ. ಹೊಟ್ಟೆ ಭಾಗದ್ದು ಸಡಿಲ, ಬೆನ್ನಿನ ಭಾಗದ್ದೇ ಕೇಳಿ.

ಮೊದಲು ಕಾಗದದಲ್ಲಿ

ಹಳೇ ಕ್ಯಾಲೆಂಡರಿನ ದಪ್ಪ ಹಾಳೆ ಸಾಕು. ನಡುವೆ 6-8 ಮಿ.ಮೀ. ಅಂತರದಲ್ಲಿ ಎರಡು ಗೆರೆ ಎಳೆಯಿರಿ. ಅದು ಅಲಗಿನ ಬೆನ್ನು ಕೂರುವ ಜಾಗ. ಒಂದು ಗೆರೆಗೆ ಚಾಕುವಿನ ಬೆನ್ನು ತಾಗಿಸಿ ಸುತ್ತ ಗೆರೆ ಹಾಕಿ, ಮಗುಚಿ ಇನ್ನೊಂದು ಬದಿಗೂ ಹಾಕಿ. ಬಾಯಿಯ ಕಡೆ 15 ಮಿ.ಮೀ. ಹೆಚ್ಚು ಬಿಡಿ. ಹಿಡಿಯ ಅರ್ಧದವರೆಗೂ ಒರೆ ಬರಲಿ, ಇಲ್ಲಾಂದ್ರೆ ಬಗ್ಗಿದಾಗ ಚಾಕು ಜಾರೀತು. ಹಿಂಬದಿಯಾಗುವ ಅರ್ಧಕ್ಕೆ ಮೇಲ್ಗಡೆ ಒಂದೂಕಾಲು ಇಂಚು ಅಗಲ, 7 ಇಂಚು ಉದ್ದದ ಬಾಲ ಸೇರಿಸಿ, ಬೆಲ್ಟು ತೂರುವ ಕುಣಿಕೆ ಅದರಿಂದಲೇ ಆಗುತ್ತದೆ. ಹಾಳೆ ಮಡಚಿ ಚಾಕು ಹಾಕಿ ನೋಡಿ. ಕಾಗದದಲ್ಲಿ ಬಿಗಿಯಾದದ್ದು ತೊಗಲಿನಲ್ಲಿ ತೂರುವುದೇ ಇಲ್ಲ.

ಕತ್ತರಿಸುವಾಗ ಒಂದೇ ಸಲಕ್ಕೆ ಒತ್ತಬೇಡಿ. ಹಗುರವಾಗಿ ಮೂರ್ನಾಲ್ಕು ಸಲ ಎಳೆದರೆ ಅಂಚು ನೇರ ಬರುತ್ತದೆ. ಬಾಲವನ್ನು ಹಿಂದಕ್ಕೆ ಮಡಚಿ ಹೊಲಿಯುವ ಕೆಲಸ ಒರೆ ಮಡಚುವ ಮೊದಲೇ ಆಗಬೇಕು. ಆಮೇಲೆ ಒಳಗೆ ಸೂಜಿ ಹೋಗುವುದಿಲ್ಲ.

ನಡುಪಟ್ಟಿ ಬಿಡಬೇಡಿ

ಎರಡು ಪದರ ಮಡಚಿ ಹೊಲಿದರೆ ಸಾಕಲ್ಲ ಅನ್ನಿಸುತ್ತದೆ. ಸಾಲದು. ಚಾಕು ತುರುಕುವಾಗೆಲ್ಲ ಬಾಯಿ ನೇರ ನೂಲಿಗೇ ತಾಗುತ್ತದೆ. ಒಂದು ತಿಂಗಳಲ್ಲಿ ಹೊಲಿಗೆ ಕಡಿದು, ಅಲಗು ಪಕ್ಕದಿಂದ ಇಣುಕುತ್ತದೆ. ಒರೆ ಇದೆ ಎಂಬ ಧೈರ್ಯದಲ್ಲಿ ಕೈಯಿಟ್ಟವನಿಗೆ ಗಾಯ. ಆದ್ದರಿಂದ ಎರಡು ಪದರದ ನಡುವೆ ಅದೇ ತೊಗಲಿನ 10 ಮಿ.ಮೀ. ಅಗಲದ ಪಟ್ಟಿ, ತುದಿಯಿಂದ ಒರೆಯ ಬಾಯಿವರೆಗೂ ಇರಬೇಕು. ಬಾಯಿ ತಾಗಿದರೆ ಪಟ್ಟಿಗೆ ತಾಗುತ್ತದೆ, ನೂಲು ಉಳಿಯುತ್ತದೆ. ತುದಿಯಲ್ಲಿ ಮಾತ್ರ ಒಂದು ಸಣ್ಣ ಸಂದು ಬಿಡಿ, ಒಳಗೆ ಹೋದ ಮಳೆನೀರು ಇಳಿಯಲಿ.

ಪಟ್ಟಿಯ ನಯವಾದ ಮೈಗೆ ಅಂಟು ಹಿಡಿಯುವುದಿಲ್ಲ, ಮರಳುಕಾಗದದಲ್ಲಿ ಒರಟು ಮಾಡಿ. ಚಪ್ಪಲಿಗೆ ಹಾಕುವ ರಬ್ಬರ್ ಸೊಲ್ಯೂಷನ್ ಎರಡೂ ಮೈಗೆ ಬಳಿದು, ಹತ್ತು ನಿಮಿಷ ಆರಿ ಅಂಟಂಟಾದ ಮೇಲೆ ಒತ್ತಿ. ಒಣಗಿದ ಮೇಲೆ ಮೂರೂ ಪದರದ ಅಂಚನ್ನು ಉಜ್ಜಿ ಸಮ ಮಾಡಿ.

ಎರಡು ಸೂಜಿಯ ಹೊಲಿಗೆ

ಅಂಚಿನಿಂದ 5 ಮಿ.ಮೀ. ಒಳಗೆ ಗೆರೆ ಹಾಕಿ, ಐದೈದು ಮಿ.ಮೀ.ಗೆ ಗುರುತು ಮಾಡಿ. ಮೂರು ಪದರ ಸೇರಿ ಹತ್ತು ಮಿ.ಮೀ. ದಪ್ಪ. ಚೂಪುಮೊಳೆಯಿಂದ ನೆಟ್ಟಗೆ ತೂತು ಹಾಕುವುದು ಹೊಸಬರಿಗೆ ಕಷ್ಟ. 1.5 ಮಿ.ಮೀ. ಬಿಟ್ ಹಾಕಿದ ಕೈಡ್ರಿಲ್ ಇದ್ದರೆ ಸಲೀಸು. ಅಡಿಯಲ್ಲಿ ಮರದ ತುಂಡು ಇಡಿ.

ನೂಲು ಹೊಲಿಗೆಯ ಉದ್ದದ ಎಂಟು ಪಟ್ಟು. ನಮ್ಮ ಮಳೆಗೆ ಹತ್ತಿ ನೂಲು ಕೊಳೆಯುತ್ತದೆ, ನೈಲಾನೇ ವಾಸಿ. ಜೇನು ಸಾಕುವವರ ಮನೆಯಿಂದ ಒಂದು ಉಂಡೆ ಮೇಣ ತಂದು ನೂಲನ್ನು ಅದರ ಮೇಲೆ ನಾಲ್ಕು ಸಲ ಎಳೆಯಿರಿ. ಎರಡೂ ತುದಿಗೆ ಒಂದೊಂದು ಸೂಜಿ. ಮೊದಲ ತೂತಿನಲ್ಲಿ ತೂರಿಸಿ ಎರಡು ಬದಿಗೂ ಸಮ ಮಾಡಿ. ಮುಂದಿನ ಪ್ರತಿ ತೂತಿನಲ್ಲೂ ಎಡದ ಸೂಜಿ ಬಲಕ್ಕೆ, ಬಲದ್ದು ಎಡಕ್ಕೆ. ಆಮೇಲೆ ಎರಡನ್ನೂ ಸಮನಾಗಿ ಬಿಗಿಯಿರಿ. ಎರಡನೆಯ ಸೂಜಿ ಮೊದಲ ನೂಲನ್ನು ಚುಚ್ಚದಂತೆ ನೋಡಿಕೊಳ್ಳಬೇಕು. ಕೊನೆಗೆ ಮೂರು ತೂತು ಹಿಂದಕ್ಕೆ ಬಂದು ಕತ್ತರಿಸಿ, ತುದಿಗೆ ಬೆಂಕಿಕಡ್ಡಿ ತೋರಿಸಿ. ಮಿಷನ್ ಹೊಲಿಗೆಯಲ್ಲಿ ಒಂದು ಕಡೆ ಕಡಿದರೆ ಉಳಿದದ್ದೂ ಸಡಿಲವಾಗುತ್ತಾ ಹೋಗುತ್ತದೆ. ಇದರಲ್ಲಿ ಒಂದು ನೂಲು ಹೋದರೂ ಇನ್ನೊಂದು ಹಿಡಿದಿರುತ್ತದೆ.

ನೀರು, ನೆರಳು, ಮೇಣ

ಹೊಲಿದ ಒರೆಯನ್ನು ಉಗುರುಬೆಚ್ಚಗಿನ ನೀರಲ್ಲಿ ಅರ್ಧ ನಿಮಿಷ ಅದ್ದಿ. ಚಾಕುವಿಗೆ ಎಣ್ಣೆ ಹಚ್ಚಿ, ತೆಳು ಪ್ಲಾಸ್ಟಿಕ್ ಬಿಗಿಯಾಗಿ ಸುತ್ತಿ ಒಳಗೆ ತೂರಿಸಿ. ಹಿಡಿಯ ಸುತ್ತ ಬೆರಳಿನಿಂದ ಒತ್ತಿ ಒತ್ತಿ ಆಕಾರ ಕೊಡಿ. ಆಕಾರ ನಿಂತ ಮೇಲೆ ಚಾಕು ಹೊರಗೆ ತೆಗೆದು, ಒರೆಯನ್ನು ನೆರಳಲ್ಲಿ ಎರಡು ದಿನ ಒಣಗಿಸಿ. ಬಿಸಿಲಿಗೋ ಒಲೆಯ ಅಟ್ಟಕ್ಕೋ ಹಾಕಿದರೆ ಸೆಟೆದು ಬಿರಿಯುತ್ತದೆ. ಒಣಗಿದ ಒರೆ ಚಾಕುವನ್ನು ಕಚ್ಚಿ ಹಿಡಿಯುತ್ತದೆ, ಗುಂಡಿ ಪಟ್ಟಿ ಏನೂ ಬೇಡ.

ಅಂಚನ್ನು ಒರಟು, ನಯ ಮರಳುಕಾಗದದಲ್ಲಿ ಕ್ರಮವಾಗಿ ಉಜ್ಜಿ, ಸ್ವಲ್ಪ ಒದ್ದೆ ಮಾಡಿ, ದಪ್ಪ ಬಟ್ಟೆಯಿಂದ ಜೋರಾಗಿ ತಿಕ್ಕಿ. ಬಿಸಿಯಾಗಿ ಹೊಳಪು ಬರುತ್ತದೆ. ಇಲ್ಲಿ ಅವಸರ ಮಾಡದಿದ್ದರೆ ಒರೆ ಅಂಗಡಿಯದರಂತೆ ಕಾಣುತ್ತದೆ. ಕಡೆಗೆ ಒಂದು ಪಾಲು ಜೇನುಮೇಣ, ಎರಡು ಪಾಲು ಎಣ್ಣೆ ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ, ಹೊರಮೈಗೆ ತೆಳ್ಳಗೆ ಸವರಿ. ನೇರ ಬೆಂಕಿಗೆ ಇಡಬೇಡಿ. ಎಣ್ಣೆ ಜಾಸ್ತಿಯಾದರೆ ತೊಗಲು ಮೆತ್ತಗಾಗಿ ಹಿಡಿತ ಹೋಗುತ್ತದೆ.

ಒರೆ ಸೊಂಟಕ್ಕೆ, ಮನೆಗೆ ಬಂದ ಮೇಲೆ ಅಲ್ಲ. ಹಸಿ ಅಡಿಕೆ ಸುಲಿದ ಕತ್ತಿ ಕಪ್ಪಾಗುವುದನ್ನು ನೋಡಿದ್ದೀರಲ್ಲ, ಚೊಗರಿನ ಆ ಗುಣವೇ ಹದ ಮಾಡಿದ ತೊಗಲಿನಲ್ಲೂ ಇದೆ. ತೇವ ಸೇರಿದರೆ ಅಲಗು ಕಲೆಗಟ್ಟಿ ತುಕ್ಕು ಹಿಡಿಯುತ್ತದೆ. ಸಂಜೆ ಚಾಕು ಒರೆಸಿ ಎಣ್ಣೆ ಸವರಿ ಮಕ್ಕಳ ಕೈಗೆ ಸಿಗದಲ್ಲಿ ಬೇರೆಯೇ ಇಡಿ, ಒರೆಯನ್ನು ಗಾಳಿಯಾಡುವ ಕಡೆ ತೂಗುಹಾಕಿ. ಆಟಿಯಲ್ಲಿ ಬೂಸ್ಟು ಬಂದರೆ ಒಣಬಟ್ಟೆಯಲ್ಲಿ ಒರೆಸಿ ಮತ್ತೆ ಮೇಣ ಸವರಿದರಾಯ್ತು.

ಕಾಗದದ ನಮೂನೆ ಮಾತ್ರ ಬಿಸಾಡಬೇಡಿ. ನೋಡಿದವರು ತಮಗೂ ಒಂದು ಬೇಕು ಅಂತ ಬರುತ್ತಾರೆ.