ಪ್ರಾಸ್ಟೇಟ್ ಕ್ಯಾನ್ಸರಿನ ನಿಗಾಕ್ಕೆ ಎಷ್ಟು ಸ್ಕ್ಯಾನ್ ಬೇಕು?

ತಪ್ಪು ಕಲ್ಪನೆ: ಕ್ಯಾನ್ಸರ್ ಅಂತ ಗೊತ್ತಾದ ಮೇಲೂ ಆಪರೇಶನ್ ಮಾಡಿಸದೆ ಇರುವುದು ಜೀವದ ಜೊತೆ ಆಟ.

ಸತ್ಯ: ಈ ಭಯ ಸಹಜ. ಆದರೆ ರಕ್ತ ಪರೀಕ್ಷೆಯಲ್ಲಿ ಪಿಎಸ್‌ಎ ಹತ್ತಕ್ಕಿಂತ ಕಡಿಮೆ, ಬಯಾಪ್ಸಿಯಲ್ಲಿ ಕ್ಯಾನ್ಸರಿನ ಉಗ್ರತೆ ಹೇಳುವ ಗ್ಲೀಸನ್ ಅಂಕ 6 ಇರುವ ಸಣ್ಣ ಗಡ್ಡೆ ಸಾಮಾನ್ಯವಾಗಿ ಬಹಳ ನಿಧಾನ ಬೆಳೆಯುತ್ತದೆ. ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನದಲ್ಲಿ, ಗ್ರಂಥಿಯೊಳಗೇ ಕ್ಯಾನ್ಸರ್ ಇದ್ದ 1643 ಗಂಡಸರ ಪೈಕಿ 15 ವರ್ಷಗಳಲ್ಲಿ ಅದರಿಂದಲೇ ತೀರಿಕೊಂಡವರು ನಿಗಾ ಗುಂಪಿನಲ್ಲಿ (ತಕ್ಷಣ ಚಿಕಿತ್ಸೆಯಿಲ್ಲದೆ ತಪಾಸಣೆಯಲ್ಲಿದ್ದವರು) ಶೇ. 3.1, ಆಪರೇಶನ್ ಗುಂಪಿನಲ್ಲಿ ಶೇ. 2.2. ಇದನ್ನು ದೊಡ್ಡ ಅಂತರವೆಂದು ಸಂಶೋಧಕರು ಪರಿಗಣಿಸಲಿಲ್ಲ. ಕ್ಯಾನ್ಸರ್ ಹರಡಿದ ಪ್ರಮಾಣ ಮಾತ್ರ ನಿಗಾ ಗುಂಪಿನಲ್ಲೇ ಹೆಚ್ಚಿತ್ತು. ಹಾಗಾಗಿ ತಪಾಸಣೆ ತಪ್ಪಿಸುವಂತಿಲ್ಲ.

ತಪ್ಪು ಕಲ್ಪನೆ: ಹಾಗಿದ್ದರೆ ಆರಾರು ತಿಂಗಳಿಗೆ ಎಲ್ಲ ಸ್ಕ್ಯಾನ್ ಮಾಡಿಸಿಬಿಡೋಣ.

ಸತ್ಯ: ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆಯ ರೈತನ ಮನೆ ಸಾಲಕ್ಕೆ ಬೀಳುವುದು ಇಲ್ಲಿಯೇ. ಉದಾಹರಣೆಗೆ, ಮೂಳೆ ನೋಡುವ ಬೋನ್ ಸ್ಕ್ಯಾನಿನಲ್ಲಿ ರಕ್ತನಾಳಕ್ಕೆ ವಿಕಿರಣಶೀಲ ಔಷಧಿ ಕೊಟ್ಟು, ಎರಡು ಮೂರು ತಾಸು ಕೂರಿಸಿ, ಆಮೇಲೆ ಕ್ಯಾಮೆರಾ ಕೆಳಗೆ ಮಲಗಿಸುತ್ತಾರೆ. ಮೂಳೆ ಎಲ್ಲಿ ತನ್ನನ್ನು ತಾನು ದುರಸ್ತಿ ಮಾಡಿಕೊಳ್ಳುತ್ತಿದೆಯೋ ಅಲ್ಲಿ ಔಷಧಿ ಸೇರಿ ಚುಕ್ಕೆ ಮೂಡುತ್ತದೆ. ವರ್ಷಗಟ್ಟಲೆ ಕಬ್ಬಿನ ಹೊರೆ ಹೊತ್ತು ಸವೆದ ಬೆನ್ನುಮೂಳೆಯಲ್ಲೂ ಅಂಥ ಚುಕ್ಕೆ ಕಾಣಬಹುದು. ಅದು ಸವೆತವೋ ಕ್ಯಾನ್ಸರೋ ಎಂದು ತಿಳಿಯಲು ಇನ್ನೊಂದು ಸಿಟಿ, ಮತ್ತೊಂದು ಎಂಆರ್‌ಐ, ಮತ್ತೆ ಸೊಲ್ಲಾಪುರದ ಬಸ್ಸು, ಜೊತೆಗೆ ಬಂದ ಮಗನ ಕೂಲಿಯೂ ಹೋಯಿತು. ಕಡಿಮೆ ಅಪಾಯದ ರೋಗ ಮೂಳೆಗೆ ಹರಡಿರುವ ಸಾಧ್ಯತೆ ತೀರಾ ಕಡಿಮೆ. ಅದಕ್ಕೇ ಆರಂಭದ ಹಂತದ ಇಂಥ ರೋಗಿಗಳಿಗೆ ಬೋನ್ ಸ್ಕ್ಯಾನ್, ಸಿಟಿ, ಪೆಟ್ ಬೇಡವೆಂದು ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ 2012ರಲ್ಲೇ ಹೇಳಿತು.

ಹಾಗಾದರೆ ಏನು ಬೇಕು? ನೂರಾರು ರೂಪಾಯಿಯಲ್ಲಿ ಮುಗಿಯುವ ಪಿಎಸ್‌ಎ ಪರೀಕ್ಷೆಯೇ ನಿಗಾದ ಬೆನ್ನೆಲುಬು. ಬ್ರಿಟನ್ನಿನ ಆರೋಗ್ಯ ಸಂಸ್ಥೆ ನೈಸ್‌ನ ಮಾರ್ಗಸೂಚಿಯ ಪ್ರಕಾರ ಮೊದಲ ವರ್ಷ ಮೂರು–ನಾಲ್ಕು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ಪಿಎಸ್‌ಎ. ವರ್ಷಕ್ಕೊಮ್ಮೆ ಗುದದ್ವಾರದ ಮೂಲಕ ಬೆರಳಿನ ಪರೀಕ್ಷೆ. 12ರಿಂದ 18 ತಿಂಗಳ ನಡುವೆ ಒಂದು ಎಂಆರ್‌ಐ. ಸಾವಿರಗಟ್ಟಲೆ ಖರ್ಚಿನ ಆ ಎಂಆರ್‌ಐ ದಂಡವಲ್ಲ: ಬಯಾಪ್ಸಿ ಸೂಜಿ ಎಲ್ಲಿ ಹಾಕಬೇಕೆಂದು ಅದು ತೋರಿಸುತ್ತದೆ.

ತಪ್ಪು ಕಲ್ಪನೆ: ಎಂಆರ್‌ಐ ಚೆನ್ನಾಗಿ ಬಂದರೆ ಬಯಾಪ್ಸಿ ಬೇಡ.

ಸತ್ಯ: ಕೆಲವು ಗಡ್ಡೆಗಳು ಎಂಆರ್‌ಐಗೂ ಕಾಣುವುದಿಲ್ಲ. ಪಿಎಸ್‌ಎ ಏರುತ್ತಲೇ ಇದ್ದರೆ ವೈದ್ಯರು ಬಯಾಪ್ಸಿ ಕೇಳಿಯಾರು, ಬೇಡ ಅನ್ನಬೇಡಿ.

ತಪ್ಪು ಕಲ್ಪನೆ: ಇದಕ್ಕೆಲ್ಲ ಮುಂಬೈಗೇ ಹೋಗಬೇಕು.

ಸತ್ಯ: ಇದೇ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆಯಿದೆ, ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಶುರುವಾದದ್ದೂ ಅಲ್ಲೇ, 1987ರಲ್ಲಿ. ಎಲ್ಲೇ ತೋರಿಸಿದರೂ ರಕ್ತವನ್ನು ಪ್ರತಿ ಸಲ ಒಂದೇ ಲ್ಯಾಬಿಗೆ ಕೊಡಿ, ಹಳೆಯ ಎಂಆರ್‌ಐ ಸಿ.ಡಿ.ಯನ್ನು ಹೊಸ ಸ್ಕ್ಯಾನಿಗೆ ತಪ್ಪದೆ ಒಯ್ಯಿರಿ. ಬದಲಾವಣೆ ಇದೆಯೋ ಇಲ್ಲವೋ ಎಂದು ರೇಡಿಯಾಲಜಿಸ್ಟರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ.