ನಾಳೆಯ ವೇಷ ತೊಟ್ಟ ಊರು

ಸಿಂಗಾಪುರದ ಮರೀನಾ ಬೇ ತೀರದಲ್ಲಿ ಹೀಲಿಕ್ಸ್ ಎಂಬ ಕಾಲುಸೇತುವೆ ಇದೆ. 2010ರಲ್ಲಿ ತೆರೆದ ಇದರ ಉದ್ದ 280 ಮೀಟರ್. ಹೊಳೆಯುವ ಉಕ್ಕಿನ ಸುರುಳಿಗಳು ಒಂದನ್ನೊಂದು ಸುತ್ತಿಕೊಂಡು ಸಾಗುತ್ತವೆ. ಡಿಎನ್‌ಎ ಎಳೆಯೇ ಇದಕ್ಕೆ ಮಾದರಿ. ಕತ್ತಲಾದ ಮೇಲೆ ಸಿ, ಜಿ, ಎ, ಟಿ ಅಕ್ಷರಗಳು ಕೆಂಪು, ಹಸಿರು ಬೆಳಕಿನಲ್ಲಿ ಮೂಡುತ್ತವೆ. ಜೀವಿಗಳ ಹಣೆಬರಹ ಬರೆದಿರುವುದು ಈ ನಾಲ್ಕೇ ಅಕ್ಷರಗಳಲ್ಲಿ.

ಇಂಥ ಊರಿನ ಮೇಲೆ ವೈಜ್ಞಾನಿಕ ಕಲ್ಪನೆಯ ಸಿನಿಮಾದವರ ಕಣ್ಣು ಬಿದ್ದದ್ದು ಸಹಜ. ಎಚ್‌ಬಿಒದ 'ವೆಸ್ಟ್‌ವರ್ಲ್ಡ್' ಸರಣಿಯ ಮೂರನೇ ಸೀಸನ್ 2020ರ ಮಾರ್ಚ್‌ನಲ್ಲಿ ಬಂತು. ಅದರಲ್ಲಿ ಕೆಲವು ದಶಕಗಳಾಚೆಯ ಲಾಸ್ ಏಂಜಲೀಸ್ ಆಗಿ ಕಾಣಿಸಿಕೊಂಡದ್ದು ಬಹುಪಾಲು ಸಿಂಗಾಪುರವೇ. ನಡುವೆ ತೋಟವನ್ನೇ ಬೆಳೆಸಿಕೊಂಡ ಮರೀನಾ ಒನ್ ಕಟ್ಟಡಕ್ಕೂ ಅಲ್ಲಿ ಪಾತ್ರವಿತ್ತು. ಹಾರುವ ವಾಹನಗಳನ್ನು ಕಂಪ್ಯೂಟರ್‌ನಲ್ಲಿ ಸೇರಿಸಿದರು, ಊರು ಮಾತ್ರ ನಿಜದ್ದು.

ಸೆಟ್ ಹಾಕುವ ಬದಲು ಇರುವ ಊರಿನಲ್ಲೇ ನಾಳೆಯನ್ನು ಹುಡುಕುವುದು ಈ ಪ್ರಕಾರದ ಹಳೆಯ ರೂಢಿ. ಗೊಡಾರ್ಡ್ 1965ರಲ್ಲಿ 'ಆಲ್ಫಾವಿಲ್' ತೆಗೆದಾಗ ಪ್ಯಾರಿಸ್ಸಿನ ರಾತ್ರಿಯೇ ಅನ್ಯಲೋಕವಾಯಿತು. ತಾರ್ಕೋವ್ಸ್ಕಿ 'ಸೋಲಾರಿಸ್'ಗಾಗಿ ಟೋಕಿಯೊದ ಮೇಲ್ಸೇತುವೆಗಳ ಮೇಲೆ ಕ್ಯಾಮೆರಾ ಓಡಿಸಿದರು. 2013ರ 'ಹರ್' ಶಾಂಘೈಗೆ ಹೋಯಿತು.

ಈ ಕಸುಬಿನ ಗುಟ್ಟು ಕಳೆಯುವುದರಲ್ಲಿದೆ. ಅಂಗಡಿ ಬೋರ್ಡು ಫ್ರೇಮಿನೊಳಗೆ ಬರಬಾರದು, ಹಳೆಯ ಕಾರು ನಿಂತಿರಬಾರದು, ಬಟ್ಟೆಗಳಲ್ಲಿ ಇಂದಿನ ಫ್ಯಾಷನ್ ಕಾಣಬಾರದು. 2015ರ 'ಈಕ್ವಲ್ಸ್' ಚಿತ್ರವನ್ನೇ ನೋಡಿ. ಭಾವನೆಯನ್ನೇ ರೋಗವೆಂದು ಎಣಿಸುವ ಸಮಾಜದ ಕಥೆ ಅದು. ಜಪಾನ್ ಮತ್ತು ಸಿಂಗಾಪುರದಲ್ಲಿ ಚಿತ್ರೀಕರಣವಾಯಿತು. ರಸ್ತೆಯಿಂದ 36 ಮೀಟರ್ ಎತ್ತರದಲ್ಲಿ ಅಲೆಯಂತೆ ಏರಿಳಿಯುವ ಹೆಂಡರ್ಸನ್ ವೇವ್ಸ್ ಸೇತುವೆಯೂ ಅದರಲ್ಲಿದೆ. ಬಿಳಿ ಬಟ್ಟೆ ತೊಟ್ಟವರು ಸದ್ದಿಲ್ಲದೆ ನಡೆದಾಡುವ ಆ ಲೋಕವನ್ನು ನೋಡುತ್ತಿದ್ದರೆ ಎದೆ ತಣ್ಣಗಾಗುತ್ತದೆ. ಕಥೆ ಬೇಡುವುದೂ ಅದನ್ನೇ. 'ವೆಸ್ಟ್‌ವರ್ಲ್ಡ್'ನಲ್ಲಿಯೂ ಅಷ್ಟೆ: ಪ್ರತಿಯೊಬ್ಬರ ಬದುಕನ್ನು ಮೊದಲೇ ಲೆಕ್ಕ ಹಾಕಿಡುವ ಯಂತ್ರದ ಆಳ್ವಿಕೆಗೆ ಆ ಅಚ್ಚುಕಟ್ಟು ಬೀದಿಗಳು ಒಪ್ಪುತ್ತವೆ.

ಆದರೆ ಕಳೆಯುವ ಭರದಲ್ಲಿ ಊರಿನ ಜೀವವೂ ಹೋಗಿಬಿಡುತ್ತದೆ. ಸಿಂಗಾಪುರದವರಲ್ಲಿ ಹೆಚ್ಚಿನವರು ಸರ್ಕಾರ ಕಟ್ಟಿಸಿದ ಎಚ್‌ಡಿಬಿ ಫ್ಲ್ಯಾಟುಗಳಲ್ಲಿದ್ದಾರೆ. ಅಲ್ಲಿ ಕಿಟಕಿಯಾಚೆ ಚಾಚಿದ ಬಿದಿರು ಗಳುಗಳಲ್ಲಿ ಅಂಗಿ, ಟವೆಲ್ಲು ಒಣಗುತ್ತವೆ. ಹಾಕರ್ ಸೆಂಟರ್ ಎಂಬ ತಿನಿಸಿನ ಅಂಗಡಿಗಳ ಸಾಲಿನಲ್ಲಿ ಸಾರಿನ ಹಬೆ ಏಳುತ್ತದೆ. ಸೆರಂಗೂನ್ ರಸ್ತೆಯಲ್ಲಿ ಮಲ್ಲಿಗೆ ಮಾಲೆ ತೂಗುತ್ತದೆ. ನಾಳೆಯವರಿಗೂ ಹಸಿವಾಗುತ್ತದೆ, ಅವರ ಬಟ್ಟೆಯೂ ಒದ್ದೆಯಾಗುತ್ತದೆ ಎಂಬುದನ್ನು ಹೊಳೆಯುವ ಗಾಜು ತೋರಿಸುವುದಿಲ್ಲ. ಅದನ್ನು ಬಲ್ಲವರೆಂದರೆ ರಿಡ್ಲಿ ಸ್ಕಾಟ್. 1982ರ 'ಬ್ಲೇಡ್ ರನ್ನರ್'ನಲ್ಲಿ ನಾಯಕ ಮೊದಲು ಕಾಣಿಸಿಕೊಳ್ಳುವುದೇ ಮಳೆ ಸುರಿಯುವ ಬೀದಿಯಲ್ಲಿ, ನೂಡಲ್ಸ್ ಅಂಗಡಿಯ ಸರದಿಗೆ ಕಾಯುತ್ತ. ಹಾರುವ ಕಾರುಗಳಿಗಿಂತ ಆ ನೂಡಲ್ಸ್ ಬಟ್ಟಲೇ ಆ ಲೋಕವನ್ನು ನಂಬಿಸುತ್ತದೆ. ಅಲ್ಲಿಂದಾಚೆಗೆ ಮಳೆ, ನಿಯಾನ್ ದೀಪ, ಜನಜಂಗುಳಿ ಎಷ್ಟೋ ಚಿತ್ರಗಳಿಗೆ ಮೇಲ್ಪಂಕ್ತಿಯಾದವು.

ಕನ್ನಡದಲ್ಲಿ ಈ ಬಗೆಯ ಚಿತ್ರಗಳು ಕಡಿಮೆ. 2002ರ 'ಹಾಲಿವುಡ್'ನಲ್ಲಿ ಉಪೇಂದ್ರ ಯಂತ್ರಮಾನವನಾದರು. 2024ರ 'ಬ್ಲಿಂಕ್' ಕಾಲಯಾನದ ಕಥೆ ಹೇಳಿದ್ದು ಹಾರುವ ಕಾರುಗಳಿಲ್ಲದ, ನಾವು ನೋಡಿದ ಬೆಂಗಳೂರಿನಲ್ಲೇ. ಕೈಯಲ್ಲಿ ಕಾಸು ಕಡಿಮೆ ಇದ್ದವರಿಗೆ ಇದು ಒಳ್ಳೆಯ ದಾರಿ.

ಸಿಂಗಾಪುರಕ್ಕೂ ಕನ್ನಡ ಸಿನಿಮಾಕ್ಕೂ ನಂಟು ಹಳೆಯದು. ವಿದೇಶದಲ್ಲಿ ಚಿತ್ರೀಕರಣಗೊಂಡ ಮೊದಲ ಕನ್ನಡ ಚಿತ್ರ 1978ರ 'ಸಿಂಗಾಪುರದಲ್ಲಿ ರಾಜಾ ಕುಳ್ಳ'. ವಿಷ್ಣುವರ್ಧನ್, ದ್ವಾರಕೀಶ್ ಓಡಾಡಿದ ಆ ಸಿಂಗಾಪುರದಲ್ಲಿ ಹೀಲಿಕ್ಸ್ ಸೇತುವೆಯೂ ಇರಲಿಲ್ಲ, ಮರೀನಾ ಒನ್ ಕೂಡ ಇರಲಿಲ್ಲ.