ವಾಹನದ ಇನ್ವರ್ಟರ್ ನಿಂತಾಗ ದೋಷ ಪತ್ತೆ ಹೇಗೆ?

ಟ್ರ್ಯಾಕ್ಟರ್ ಅಥವಾ ಸರಕು ವಾಹನದ 12 ವೋಲ್ಟ್ ಬ್ಯಾಟರಿಯ ವಿದ್ಯುತ್ತನ್ನು ಮನೆಯಲ್ಲಿರುವಂತೆ 230 ವೋಲ್ಟಿಗೆ ಪರಿವರ್ತಿಸುವ ಸಾಧನವೇ ಇನ್ವರ್ಟರ್. ವಿದ್ಯುತ್ ಸಂಪರ್ಕವಿಲ್ಲದ ಹೊಲದಲ್ಲಿ ದೀಪ ಉರಿಸಲು, ಬ್ಯಾಟರಿ ಚಾಲಿತ ಸಿಂಪರಣಾ ಯಂತ್ರವನ್ನು ಚಾರ್ಜ್ ಮಾಡಲು ಇದು ಉಪಯುಕ್ತ. ಇದು ನಿಂತೊಡನೆ ಕೆಟ್ಟಿತೆಂದು ಅನೇಕರು ದುರಸ್ತಿಗೆ ಒಯ್ಯುವುದುಂಟು. ಆದರೆ ದೋಷವು ಇನ್ವರ್ಟರಿನಲ್ಲಿರದೆ ಬ್ಯಾಟರಿ, ತಂತಿ ಅಥವಾ ಜೋಡಣೆಯಲ್ಲಿ ಇರಬಹುದು.

ಕಾರಣವೇನು?

12 ವೋಲ್ಟಿನಲ್ಲಿ 300 ವ್ಯಾಟ್ ಪಡೆಯಲು 25 ಆಂಪಿಯರ್ ಬೇಕು. ಇನ್ವರ್ಟರಿನೊಳಗಿನ ನಷ್ಟ ಸೇರಿದರೆ ಸುಮಾರು 28 ಆಂಪಿಯರ್ ಆಗುತ್ತದೆ. ಇಷ್ಟು ವಿದ್ಯುತ್ ತೆಳುವಾದ ತಂತಿ ಅಥವಾ ಸಡಿಲ ಜೋಡಣೆಯ ಮೂಲಕ ಹರಿದರೆ ತಂತಿ ಬಿಸಿಯಾಗಿ ವೋಲ್ಟೇಜ್ ಕುಸಿಯುತ್ತದೆ. ಅದು ಸುಮಾರು 10.5 ವೋಲ್ಟಿಗೆ ಇಳಿದಾಗ ಸಾಮಾನ್ಯವಾಗಿ ಇನ್ವರ್ಟರ್ ತಾನಾಗಿಯೇ ನಿಲ್ಲುತ್ತದೆ.

ಪರೀಕ್ಷಿಸುವ ಕ್ರಮ

1. ಎಂಜಿನ್ ನಿಲ್ಲಿಸಿ ಕೆಲವು ಗಂಟೆಗಳ ನಂತರ ಮಲ್ಟಿಮೀಟರಿನಿಂದ ಬ್ಯಾಟರಿಯನ್ನು ಅಳೆಯಬೇಕು. 12.6 ವೋಲ್ಟ್ ಇದ್ದರೆ ಪೂರ್ಣ ಚಾರ್ಜ್ ಇದೆ. 12 ವೋಲ್ಟಿನ ಹತ್ತಿರವಿದ್ದರೆ ಬಹುಪಾಲು ಖಾಲಿಯಾಗಿದೆ ಎಂದು ತಿಳಿಯಬೇಕು.

2. ಬ್ಯಾಟರಿಯ ತುದಿಗಳಲ್ಲಿ ಬಿಳಿ ಅಥವಾ ಹಸಿರು ಕಿಲುಬು ಇದ್ದರೆ, ಮೈನಸ್ ತಂತಿಯನ್ನು ಮೊದಲು ಕಳಚಿ, ಅಡಿಗೆ ಸೋಡಾ ಬೆರೆಸಿದ ನೀರಿನಿಂದ ಉಜ್ಜಿ, ಒಣಗಿಸಿ, ಬಿಗಿಯಾಗಿ ಜೋಡಿಸಬೇಕು. ಸೋಡಾ ನೀರು ಬ್ಯಾಟರಿಯೊಳಗೆ ಹೋಗಬಾರದು.

3. ಎಂದಿನ ಉಪಕರಣ ನಡೆಯುತ್ತಿರುವಾಗ ಬ್ಯಾಟರಿಯ ತುದಿಗಳಲ್ಲಿಯೂ, ಇನ್ವರ್ಟರಿಗೆ ತಂತಿ ಸೇರುವಲ್ಲಿಯೂ ವೋಲ್ಟೇಜ್ ಅಳೆಯಬೇಕು. ಎರಡರ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ದೋಷ ತಂತಿಯಲ್ಲಿದೆ. ದಪ್ಪನೆಯ, ಗಿಡ್ಡ ತಂತಿ ಹಾಕಬೇಕು.

4. ಸಿಗರೇಟ್ ಲೈಟರ್ ಸಾಕೆಟ್ಟಿನ ಫ್ಯೂಸ್ ಸಾಮಾನ್ಯವಾಗಿ 10ರಿಂದ 15 ಆಂಪಿಯರಿನದು. 100 ವ್ಯಾಟಿಗಿಂತ ಹೆಚ್ಚಿನ ಉಪಕರಣಕ್ಕೆ ಇನ್ವರ್ಟರನ್ನು ಫ್ಯೂಸ್ ಸಹಿತ ನೇರವಾಗಿ ಬ್ಯಾಟರಿಗೆ ಜೋಡಿಸುವುದು ಲೇಸು.

5. ದೀಪ ಉರಿದು, ಮೋಟಾರ್ ಮಾತ್ರ ತಿರುಗದಿದ್ದರೆ ಇನ್ವರ್ಟರಿನ ಸಾಮರ್ಥ್ಯ ಸಾಲದು. ಮೋಟಾರು ಚಾಲೂ ಆಗುವಾಗ ಹಲವು ಪಟ್ಟು ಹೆಚ್ಚು ವಿದ್ಯುತ್ ಎಳೆಯುತ್ತದೆ.

ಇವೆಲ್ಲ ಸರಿಯಿದ್ದೂ ನಡೆಯದಿದ್ದರೆ ಮಾತ್ರ ದುರಸ್ತಿಗಾರರಿಗೆ ತೋರಿಸಬೇಕು.

ಎಚ್ಚರಿಕೆ

ಸುಟ್ಟ ಫ್ಯೂಸಿನ ಬದಲಿಗೆ ತಂತಿ ಸುತ್ತಬಾರದು. ಬೆಂಕಿ ಹತ್ತುವ ಅಪಾಯವಿದೆ. ಪ್ಲಸ್, ಮೈನಸ್ ಅದಲುಬದಲಾಗಬಾರದು. 24 ವೋಲ್ಟಿನ ಲಾರಿಗೆ 12 ವೋಲ್ಟಿನ ಇನ್ವರ್ಟರ್ ಹಾಕಬಾರದು. ಇದರ 230 ವೋಲ್ಟ್ ಮನೆಯ ವಿದ್ಯುತ್ತಿನಷ್ಟೇ ಪ್ರಾಣಾಪಾಯಕಾರಿ. ಆದ್ದರಿಂದ ಪೆಟ್ಟಿಗೆಯನ್ನು ಬಿಚ್ಚಬಾರದು, ಒದ್ದೆ ಕೈಯಲ್ಲಿ ಮುಟ್ಟಬಾರದು. ಎಂಜಿನ್ ನಿಲ್ಲಿಸಿ ಬಹಳ ಹೊತ್ತು ಬಳಸಿದರೆ ಬ್ಯಾಟರಿ ಬರಿದಾಗಿ ಟ್ರ್ಯಾಕ್ಟರ್ ಹೊಲದಲ್ಲಿಯೇ ನಿಲ್ಲಬೇಕಾದೀತು.